ಗದ್ದಲ ಸಮಿತಿಯ ಅಧ್ಯಕ್ಷರು

ಊರಿನ ವಾಚನಾಲಯದ ಗ್ರಂಥಪಾಲಕರು ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಒಂದೇ ಒಂದು ಸಲ ಗಟ್ಟಿಯಾಗಿ ಬಾಯಿಬಿಟ್ಟಿದ್ದರು. ಅದೂ ನಿಘಂಟಿನ ಮೂರನೆಯ ಸಂಪುಟ ಕಾಲಿನ ಹೆಬ್ಬೆರಳ ಮೇಲೆ ಬಿದ್ದಾಗ. ಆಮೇಲೆ ಅಂದು ಓದುತ್ತ ಕುಳಿತಿದ್ದ ಹದಿನೇಳು ಮಂದಿಯ ಬಳಿಗೂ ಕುಂಟುತ್ತ ಹೋಗಿ, ಒಬ್ಬೊಬ್ಬರ ಕಿವಿಯಲ್ಲೂ ಕ್ಷಮೆ ಕೇಳಿ ಬಂದಿದ್ದರು. ಇಂಥವರು ಫುಟ್‌ಬಾಲ್ ಕ್ಲಬ್ಬಿನ ಗದ್ದಲ ಸಮಿತಿಗೆ ಅಧ್ಯಕ್ಷರಾದದ್ದು ಹೇಗೆ ಎಂದು ಯಾರಿಗಾದರೂ ಕುತೂಹಲ ಹುಟ್ಟಿದರೆ ತಪ್ಪಲ್ಲ. ಊರಿನ ಬಹುಪಾಲು ಅನಾಹುತಗಳ ಹಾಗೆ ಇದೂ ಕ್ಷೌರದಂಗಡಿಯಲ್ಲೇ ಶುರುವಾಯಿತು.

ಹಿಂದಿನ ದಿನ ಕ್ಲಬ್ಬು ತನ್ನದೇ ಮೈದಾನದಲ್ಲಿ ಮೂರು ಗೋಲು ತಿಂದು ಸೋತಿತ್ತು. ಈ ಕ್ಲಬ್ಬಿನದೊಂದು ವಿಚಿತ್ರ ಕಾಯಿಲೆ. ಬೇರೆ ಊರಿಗೆ ಹೋಗಿ ಆಡಿದರೆ ಗೆದ್ದು ಬರುತ್ತಿತ್ತು, ಇಲ್ಲವೆ ಮಾನವಾಗಿ ಸೋತು ಬರುತ್ತಿತ್ತು. ಸ್ವಂತ ಮೈದಾನಕ್ಕೆ ಇಳಿದರೆ ಮಾತ್ರ ಹನ್ನೊಂದು ಜನರ ಕಾಲಿಗೂ ಯಾರೋ ಹಗ್ಗ ಕಟ್ಟಿದ ಹಾಗೆ ಆಗುತ್ತಿತ್ತು. ಜನ ಬರುತ್ತಿರಲಿಲ್ಲವೆಂದಲ್ಲ. ಆರುನೂರು ಮಂದಿ ತಪ್ಪದೆ ಬರುತ್ತಿದ್ದರು. ಬಂದು ಸಾಲಾಗಿ ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಸಂತಾಪ ಸಭೆಗೆ ಬಂದವರಂತೆ ತುಟಿಪಿಟಕ್ಕೆನ್ನದೆ ಆಟ ನೋಡಿ ಎದ್ದು ಹೋಗುತ್ತಿದ್ದರು. ನಮ್ಮವರು ಗೋಲು ಹೊಡೆದರೆ ಎರಡು ಪುಸ್ತಕ ತಟ್ಟಿ ಧೂಳು ಕೊಡವಿದಷ್ಟು ಚಪ್ಪಾಳೆ. ಅಷ್ಟೆ.

ಕ್ಲಬ್ಬಿನ ಕಾರ್ಯದರ್ಶಿ ವೃತ್ತಿಯಿಂದ ಹಲ್ಲಿನ ಡಾಕ್ಟರು. ಅಂದು ಅವರು ಕ್ಷೌರದ ಕುರ್ಚಿಯಲ್ಲಿ ಕುಳಿತು ಕನ್ನಡಿಯೊಳಗಿನ ತಮ್ಮನ್ನೇ ನೋಡಿಕೊಂಡು ಗೋಳಾಡುತ್ತಿದ್ದರು.

"ಹದಿನೆಂಟು ವರ್ಷದಿಂದ ಜನರ ಬಾಯಿ ತೆರೆಸೋದೇ ನನ್ನ ಕಸುಬು. ಎಂಥೆಂಥಾ ಹಟಮಾರಿ ದವಡೆಗಳನ್ನ ತೆರೆಸಿದ್ದೀನಿ. ಈ ಆರುನೂರು ಜನರ ಬಾಯಿ ಮಾತ್ರ ಜಪ್ಪಯ್ಯ ಅಂದ್ರೂ ತೆರೀತಿಲ್ವಲ್ಲ! ಬೇರೆ ಊರಿನೋರು ನಮ್ಮ ಮೈದಾನಕ್ಕೆ ಬಂದ್ರೆ ವಿಶ್ರಾಂತಿಗೆ ಬಂದ ಹಾಗಿರುತ್ತೆ ಅಂತಾರೆ ಕಣ್ರೀ."

ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಅರ್ಧ ನೊರೆ ಹಚ್ಚಿಸಿಕೊಂಡು ಕುಳಿತಿದ್ದವರು ನಮ್ಮ ಗ್ರಂಥಪಾಲಕರು. ಮುಖದ ತುಂಬ ನೊರೆಯಿದ್ದಾಗ ಮನುಷ್ಯನಿಗೆ ಒಂದು ಬಗೆಯ ಧೈರ್ಯ ಬರುತ್ತದೆಯೋ ಏನೋ. ಅವರು ಗಂಟಲು ಸರಿಮಾಡಿಕೊಂಡು, "ಅದೇನು ಮಹಾ ವಿಷಯ ಡಾಕ್ಟ್ರೇ?" ಎಂದರು.

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು.

"ಸದ್ದಿನ ವಿಷಯ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ. ಇಪ್ಪತ್ತಾರು ವರ್ಷ ಅದರ ಜೊತೆ ಕಾದಾಡಿದ್ದೀನಿ. ಅದು ಎಲ್ಲಿ ಹುಟ್ಟುತ್ತೆ, ಹೇಗೆ ಬೆಳೆಯುತ್ತೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೇಗೆ ಹಬ್ಬುತ್ತೆ, ಎಲ್ಲಾ ಬಲ್ಲೆ. ಅದನ್ನ ಅಡಗಿಸೋಕೆ ಬಂದವನಿಗೆ ಎಬ್ಬಿಸೋಕೆ ಬರಲ್ವಾ? ಒಂದು ತಿಂಗಳು ನನ್ನ ಕೈಗೆ ಬಿಟ್ಟು ನೋಡಿ."

ಅಂಗಡಿಯಲ್ಲಿದ್ದವರೆಲ್ಲ ಕನ್ನಡಿಯೊಳಗೇ ಒಬ್ಬರನ್ನೊಬ್ಬರು ನೋಡಿಕೊಂಡರು. ಕ್ಷೌರಿಕ ಒರೆಸಿದ ಕತ್ತಿಯನ್ನೇ ಮತ್ತೆ ಒರೆಸಿದ. ಡಾಕ್ಟರು ಒಂದು ಕಾಲದಲ್ಲಿ ಪರೀಕ್ಷೆಗೆ ಓದಿದ್ದು ಇದೇ ಗ್ರಂಥಪಾಲಕರ ವಾಚನಾಲಯದಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ. "ಬೇಡ" ಎನ್ನುವ ಮಾತು ಅವರ ನಾಲಿಗೆಯ ತುದಿಯವರೆಗೂ ಬಂದಿತ್ತು. ಗ್ರಂಥಪಾಲಕರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. "ಆಗಲಿ ಸಾರ್" ಎನ್ನುವ ಮಾತು ಹೊರಗೆ ಬಂತು.

ಹೀಗೆ ಗದ್ದಲ ಸಮಿತಿ ಹುಟ್ಟಿತು. ಅದರಲ್ಲಿ ಅಧ್ಯಕ್ಷರೊಬ್ಬರೇ ಇದ್ದರು. ಸದಸ್ಯರಾಗಲು ಯಾರೂ ಮುಂದೆ ಬರಲಿಲ್ಲ.

ಮನೆಯಲ್ಲಿ ಈ ಸುದ್ದಿ ಕೇಳಿ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

"ನೀವಾ? ಗದ್ದಲಾನಾ? ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು. ನಿಮ್ಮ ಮೇಲೆ ಸಿಟ್ಟು ಬಂದ್ರೆ ಕೂಗಾಡೋಕೆ ಪಕ್ಕದ ಮನೆಗೆ ಹೋಗಿ ಬರ್ತೀನಿ ನಾನು. ಆ ಮನೆಯೋರು ನನಗೆ ಅಂತಾನೇ ಒಂದು ಕುರ್ಚಿ ಹಾಕಿಟ್ಟಿದ್ದಾರೆ."

"ನಾನು ಯಾರಿಗೋಸ್ಕರ ಒಪ್ಪಿಕೊಂಡೆ ಅಂದುಕೊಂಡೆ? ನಿನ್ನ ತಮ್ಮನಿಗೋಸ್ಕರ ಕಣೇ."

ಈ ಮಾತಿಗೆ ಅವಳು ಸೌಟು ಕೆಳಗಿಟ್ಟಳು. ಅವಳ ತಮ್ಮ ಕ್ಲಬ್ಬಿನ ಗೋಲ್‌ಕೀಪರ್. ತಾಯಿ ಹೋದ ಮೇಲೆ ಆರು ವರ್ಷದ ಮಗುವನ್ನು ತಂದು ಗಂಡ ಹೆಂಡತಿ ಇಬ್ಬರೂ ಸಾಕಿದ್ದರು. ಈಗ ಅವನು ಕನ್ನಡಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆಳೆತ್ತರದ ಗಾಜುಗಳನ್ನು ಹೊತ್ತು ಮೂರನೆಯ ಮಹಡಿ ಹತ್ತುತ್ತಿದ್ದ. ಎಂಟು ವರ್ಷದಲ್ಲಿ ಒಂದು ಚೂರು ಒಡೆದವನಲ್ಲ. ಅಂಥವನ ಕೈಯಿಂದ ಸ್ವಂತ ಮೈದಾನದಲ್ಲಿ ಚೆಂಡು ಸೋಪಿನಂತೆ ಜಾರುತ್ತಿತ್ತು. ಇನ್ನು ಉಳಿದಿದ್ದು ಎರಡು ಆಟ. ಅಷ್ಟರಲ್ಲಿ ಅವನು ಸುಧಾರಿಸದಿದ್ದರೆ ಅವನ ಜಾಗಕ್ಕೆ ಪಕ್ಕದ ಊರಿನವನನ್ನು ತರುವುದೆಂದು ಕ್ಲಬ್ಬಿನವರು ಆಗಲೇ ಮಾತಾಡಿಕೊಂಡಿದ್ದರು.

ಗ್ರಂಥಪಾಲಕರು ಯಾವ ಕೆಲಸವನ್ನೂ ಅಡ್ಡಾದಿಡ್ಡಿಯಾಗಿ ಮಾಡುವವರಲ್ಲ. ಜನ ಯಾಕೆ ಕೂಗುವುದಿಲ್ಲ ಎನ್ನುವುದನ್ನು ಮೊದಲು ಪತ್ತೆ ಮಾಡಬೇಕೆಂದು ಒಂದು ಖಾಲಿ ಕಾರ್ಡು ಪೆಟ್ಟಿಗೆ ತೆಗೆದುಕೊಂಡು ಬೀದಿಗಿಳಿದರು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಒಂದೊಂದು ಕಾರಣ.

"ನೀನು ಯಾಕಪ್ಪ ಕೂಗಲ್ಲ?" ಎಂದು ಕ್ಷೌರಿಕನನ್ನು ಕೇಳಿದರು.

ಅವನು ಬಾಚಣಿಗೆಯನ್ನು ಮೂರು ಸಲ ತೊಳೆದ. "ಗಂಟಲು ಸಾರ್. ಸ್ವಲ್ಪ ಕೆರೆತ."

"ಯಾವಾಗಿನಿಂದ?"

"ನಿಮ್ಮ ವಾಚನಾಲಯದಲ್ಲಿ... ಅಂದ್ರೆ, ಚಿಕ್ಕಂದಿನಿಂದ ಸಾರ್."

ನಿವೃತ್ತ ಪೋಸ್ಟ್‌ಮಾಸ್ಟರರು ಬಾಗಿಲನ್ನು ಅರ್ಧ ತೆರೆದುಕೊಂಡೇ, "ನಾನು ಕೂಗ್ತೀನಲ್ಲ ಸಾರ್! ಮನಸ್ಸಿನಲ್ಲೇ ಕೂಗ್ತೀನಿ. ತುಂಬಾ ಜೋರಾಗಿ" ಎಂದರು. ಅವರನ್ನು ನೋಡಿ ಆ ಬೀದಿಯ ಉಳಿದವರೂ ತಾವು ಮನಸ್ಸಿನಲ್ಲೇ ಕೂಗುವುದಾಗಿ ಹೇಳಿಕೆ ಕೊಟ್ಟರು. ಇನ್ನು ಕೆಲವರು ಬೆಂಚು ತಣ್ಣಗಿರುತ್ತದೆ ಎಂದರು, ಕೆಲವರು ಬೆಂಚು ಬಿಸಿಯಾಗಿರುತ್ತದೆ ಎಂದರು. ಎಲ್ಲರದೂ ಹಾರಿಕೆಯ ಉತ್ತರ. ಆದರೆ ಗ್ರಂಥಪಾಲಕರ ಸ್ವಭಾವ ಎಂಥದ್ದೆಂದರೆ, ಕಾರ್ಡಿನ ಮೇಲೆ ಬರೆದದ್ದೆಲ್ಲ ಅವರ ಪಾಲಿಗೆ ಸತ್ಯ.

ಟಿಕೆಟ್ ಕಿಟಕಿಯ ಹೆಂಗಸು ಮಾತ್ರ ಬೇರೆ ಥರ ಮಾತಾಡಿದಳು. ಅವಳು ಈ ಊರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ.

"ಯಾರು ಹೇಳಿದ್ದು ಕೂಗಲ್ಲ ಅಂತ? ನನ್ನ ಕಿಟಕಿ ಮುಂದೆ ಕಿತ್ತಾಡಿ ಸಾಯ್ತಾರೆ. ಹಾಡ್ತಾರೆ, ಕುಣೀತಾರೆ, ಸೀಟಿ ಹೊಡೀತಾರೆ. ಗೇಟು ದಾಟಿ ಒಳಗೆ ಹೋದ ತಕ್ಷಣ ಏನಾಗುತ್ತೋ, ಬಾಯಿಗೆ ಬೀಗ."

ಗ್ರಂಥಪಾಲಕರ ಕಿವಿ ನೆಟ್ಟಗಾಯಿತು. ಹೊರಗೆ ಇದ್ದ ಗದ್ದಲ ಒಳಗೆ ಇಲ್ಲ. ನಡುವೆ ಇರುವುದು ಗೇಟು. ಅಂದ ಮೇಲೆ ದೋಷ ಗೇಟಿನದೇ! ಆ ರಾತ್ರಿ ಅವರಿಗೆ ಸಂತೋಷಕ್ಕೆ ಊಟ ಸೇರಲಿಲ್ಲ. ಮರುದಿನವೇ ಬೆಸುಗೆ ಹಾಕುವವನನ್ನು ಕರೆಸಿ ಗೇಟಿನ ಕೀಲುಗಳಿಗೆ ಎಣ್ಣೆ ಬಿಡಿಸಿದರು, ಇನ್ನೂ ಎರಡು ಅಡಿ ಅಗಲ ಮಾಡಿಸಿದರು. ಉತ್ಸಾಹವು ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಬಾರದು ಎಂದು ಡಾಕ್ಟರಿಗೆ ವಿವರಿಸಿದರು. ಡಾಕ್ಟರು ಗೋಡೆಯ ಕಡೆ ನೋಡುತ್ತ ತಲೆಯಾಡಿಸಿದರು.

ಮುಂದಿನ ಭಾನುವಾರದ ಆಟಕ್ಕೆ ಸಮಿತಿಯ ಸಿದ್ಧತೆ ಭರ್ಜರಿಯಾಗಿತ್ತು. ಗಂಟಲು ಕೆರೆತದವರಿಗಾಗಿ ಗೇಟಿನಲ್ಲಿ ಒಂದು ಪೀಪಾಯಿ ಬಿಸಿನೀರು, ಉಪ್ಪು. ಜನ ಸಾಲಾಗಿ ನಿಂತು ಬಾಯಿ ಮುಕ್ಕಳಿಸಿ ಒಳಗೆ ಹೋದರು. ಆ ದಿನ ಮೈದಾನದಲ್ಲಿ ಕೇಳಿಬಂದ ಅತಿ ದೊಡ್ಡ ಸದ್ದು ಅದೇ ಎಂದು ಆಮೇಲೆ ಗೊತ್ತಾಯಿತು. ಒಳಗೆ ಹೋದವರ ಕೈಗೆ ಒಂದೊಂದು ಕಾರ್ಡು. ಅದರಲ್ಲಿ ಗ್ರಂಥಪಾಲಕರು ನಾಲ್ಕು ದಿನ ಕೂತು ರಚಿಸಿದ ಘೋಷಣೆಗಳು, ವಿಷಯವಾರು: ಆಕ್ರಮಣ, ರಕ್ಷಣೆ, ಸಂತೋಷ, ರೆಫರಿ. ಒಂದೊಂದು ಘೋಷಣೆಗೂ ಒಂದು ಸಂಖ್ಯೆ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಕೂಗಿದ ನಂತರ ಕಾರ್ಡನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸುವುದು.'

ಆಟ ಶುರುವಾಯಿತು. ಅಧ್ಯಕ್ಷರು ಮೈದಾನಕ್ಕೆ ಬೆನ್ನು ಮಾಡಿ, ಪ್ರೇಕ್ಷಕರ ಎದುರು ಒಂದು ಸ್ಟೂಲಿನ ಮೇಲೆ ನಿಂತು, ಕನ್ನಡಕ ಸರಿಮಾಡಿಕೊಂಡು, 'ಆಕ್ರಮಣ ೪' ಎಂಬ ಫಲಕ ಎತ್ತಿ ಹಿಡಿದರು. ಆರುನೂರು ತಲೆಗಳು ಬಾಗಿದವು. ಆರುನೂರು ಮಂದಿ 'ಆಕ್ರಮಣ ೪' ಅನ್ನು ಮನಸ್ಸಿಟ್ಟು ಓದಿಕೊಂಡರು. ಪೋಸ್ಟ್‌ಮಾಸ್ಟರರು ಬೆರಳಿಟ್ಟು ಓದಿದರು. ಕ್ಷೌರಿಕ ಓದಿ ಮುಗಿಸಿ, ಕಾರ್ಡು ತಿರುಗಿಸಿ ಹಿಂದೇನಾದರೂ ಇದೆಯೇ ಎಂದು ನೋಡಿದ. ಯಾರೋ ಕೆಮ್ಮು ಬಂದು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಅಧ್ಯಕ್ಷರು 'ರಕ್ಷಣೆ ೨' ಎತ್ತಿದರು. ಮತ್ತೆ ಎಲ್ಲರೂ ಓದಿದರು. ಅಷ್ಟರಲ್ಲಿ ಹಿಂದಿನಿಂದ ಚೆಂಡು ಬಲೆಗೆ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅದು ನಮ್ಮ ಬಲೆ.

ಎರಡು-ಸೊನ್ನೆಯಲ್ಲಿ ಸೋಲು. ಆಟ ಮುಗಿದ ಮೇಲೆ ಜನ ಕಾರ್ಡುಗಳನ್ನು ಗೇಟಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟು ಹೋದರು. ಒಂದೂ ಹರಿದಿರಲಿಲ್ಲ, ಒಂದರ ಮೂಲೆಯೂ ಮಡಚಿರಲಿಲ್ಲ. ಗ್ರಂಥಪಾಲಕರಿಗೆ ಹೊಟ್ಟೆ ಉರಿಯುತ್ತಿದ್ದರೂ, ಅಂಥ ಓದುಗರನ್ನು ಕಂಡು ಒಂದು ಕ್ಷಣ ಹೆಮ್ಮೆಯೂ ಆಯಿತು.

ಮನೆಯಲ್ಲಿ ಭಾವಮೈದ ಕೈಗವಸುಗಳನ್ನು ಮೇಜಿನ ಮೇಲಿಟ್ಟು, ಮಂಕು ಬಡಿದವನಂತೆ ಕುಳಿತಿದ್ದ.

"ಭಾವ, ನನ್ನ ಕೈಲಿ ಆಗಲ್ಲ. ಬೇರೆ ಊರಲ್ಲಿ ಎಂಟು ಸಾವಿರ ಜನ ಒಟ್ಟಿಗೆ ಬೈತಾರೆ. ಎಂಟು ಸಾವಿರ ಜನ ಒಟ್ಟಿಗೆ ಬೈದ್ರೆ ಒಂದು ಬೈಗುಳಾನೂ ಕಿವಿಗೆ ಬೀಳಲ್ಲ. ಆರಾಮಾಗಿ ಚೆಂಡು ನೋಡ್ಕೊಂಡು ನಿಲ್ತೀನಿ. ಇಲ್ಲಿ ಹಾಗಲ್ಲ. ಒಬ್ಬೊಬ್ಬರು ಪಿಸುಗುಟ್ಟೋದೂ ಕೇಳಿಸುತ್ತೆ. ಮೊದಲನೇ ಗೋಲು ಬಂತಲ್ಲ, ಆಗ ಯಾರೋ ಹೇಳ್ತಿದ್ರು, 'ಇವನೇ ಅಲ್ವಾ ನಮ್ಮ ಬಚ್ಚಲುಮನೆ ಕನ್ನಡಿ ಓರೆಯಾಗಿ ಕೂರಿಸಿದ್ದು?' ಅಂತ. ನಾನು ಓರೆಯಾಗಿ ಕೂರಿಸಿಲ್ಲ ಭಾವ! ಅವರ ಗೋಡೆನೇ ಓರೆ. ಅದನ್ನೇ ಯೋಚಿಸ್ತಾ ಇದ್ದೆ, ಚೆಂಡು ಒಳಗೆ ಹೋಯ್ತು."

"ಎರಡನೇದು?" ಎಂದಳು ಅಕ್ಕ.

"ಎರಡನೇದರಲ್ಲಿ ಯಾರದೋ ಮಂಡಿ ಲಟಕ್ ಅಂತು."

ಅವಳಿಗೆ ಅಳು ಬಂತು. ಬಂದ ಅಳುವನ್ನು ನುಂಗಿಕೊಂಡು ಗಂಡನ ಕಡೆ ಒಂದು ನೋಟ ಎಸೆದು, ಪಕ್ಕದ ಮನೆಗೆ ಹೊರಟಳು. ಆಚೆಯಿಂದ ಅರ್ಧ ಗಂಟೆ ಅವಳ ಧ್ವನಿ ಕೇಳಿಸುತ್ತಿತ್ತು.

"ಇನ್ನೊಂದೇ ಆಟ. ಆಮೇಲೆ ಗವಸು ಬಿಚ್ಚಿಟ್ಟುಬಿಡ್ತೀನಿ" ಎಂದ ಭಾವಮೈದ. "ಮೂರನೇ ಸಾಲಲ್ಲಿ ನೀವು ಕೂತಿರ್ತೀರಲ್ಲ ಭಾವ, ನಿಮ್ಮ ಮುಖ ನೋಡ್ಕೊಂಡು ಇಷ್ಟು ದಿನ ನಿಂತೆ. ಇಲ್ದಿದ್ರೆ ಯಾವತ್ತೋ ಓಡಿ ಬರ್ತಿದ್ದೆ."

ಗ್ರಂಥಪಾಲಕರು ಮೇಜಿನ ಮೇಲಿನ ಗವಸುಗಳನ್ನು ಜೊತೆಯಾಗಿ ಸರಿ ಜೋಡಿಸಿಟ್ಟರು. ಆದರೆ ತಲೆಯೊಳಗೆ ಹುಳ ಕೊರೆಯುತ್ತಲೇ ಇತ್ತು. ಗಂಟಲಿಗೆ ಔಷಧ ಆಯಿತು, ಗೇಟು ಅಗಲವಾಯಿತು, ಘೋಷಣೆ ಕೊಟ್ಟದ್ದಾಯಿತು. ಮತ್ತೂ ಯಾಕೆ ಕೂಗುವುದಿಲ್ಲ ಈ ಜನ?

ಬುಧವಾರ ವಾಚನಾಲಯದಲ್ಲಿ ದೀಪಗಳು ಕೆಟ್ಟು ನಾಲ್ಕು ಗಂಟೆಗೇ ಬಾಗಿಲು ಹಾಕಬೇಕಾಯಿತು. ಬುಧವಾರ ಮೈದಾನದಲ್ಲಿ ಅಭ್ಯಾಸದ ಆಟ ನಡೆಯುತ್ತದೆ ಎಂದು ಗ್ರಂಥಪಾಲಕರು ಕೇಳಿ ಬಲ್ಲರೇ ಹೊರತು ಕೆಲಸ ಬಿಟ್ಟು ಒಮ್ಮೆಯೂ ಹೋದವರಲ್ಲ. ಸುಮ್ಮನೆ ಆ ಕಡೆ ಹೆಜ್ಜೆ ಹಾಕಿದರು. ಇನ್ನೂ ಒಂದು ಬೀದಿ ದೂರವಿರುವಾಗಲೇ ಭಾರಿ ಗಲಾಟೆ ಕೇಳಿಸಿತು. ಎಲ್ಲೋ ಹೊಡೆದಾಟ ಆಗುತ್ತಿದೆ ಎಂದುಕೊಂಡು ಓಡಿದರು. ಗೇಟಿನಿಂದ ಇಣುಕಿ ನೋಡಿದರೆ ಕಣ್ಣನ್ನೇ ನಂಬಲಾಗಲಿಲ್ಲ.

ಕ್ಷೌರಿಕ ಬೆಂಚಿನ ಮೇಲೆ ಹತ್ತಿ ನಿಂತು ತಾರಕಸ್ವರದಲ್ಲಿ ಅರಚುತ್ತಿದ್ದ. ಹಲ್ಲಿನ ಡಾಕ್ಟರು ಬಿಳಿ ಕೋಟು ಬಿಚ್ಚಿ ತಲೆಯ ಮೇಲೆ ಗಿರಗಿರ ತಿರುಗಿಸುತ್ತಿದ್ದರು. ಪೋಸ್ಟ್‌ಮಾಸ್ಟರರು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನೆಲ್ಲ ರೆಫರಿಯ ಮೇಲೆ ಸುರಿಯುತ್ತಿದ್ದರು. ಗೋಲಿನ ಮುಂದೆ ಭಾವಮೈದ ಚೆಂಡನ್ನು ಬೆಕ್ಕು ಇಲಿ ಹಿಡಿದ ಹಾಗೆ ಹಿಡಿದು ನಗುತ್ತಿದ್ದ.

ಗ್ರಂಥಪಾಲಕರ ಮೈಯೆಲ್ಲ ರೋಮಾಂಚನ. ಕೊನೆಗೂ ಗೇಟು ಕೆಲಸ ಮಾಡಿತು! ಎರಡೂ ಕೈ ಚಾಚಿಕೊಂಡು ಒಳಗೆ ಕಾಲಿಟ್ಟರು.

ಮೊದಲ ಸಾಲಿನವರೊಬ್ಬರು ಅವರನ್ನು ಕಂಡರು. ಅಷ್ಟೆ. ಸಾಲುಸಾಲಾಗಿ ದೀಪ ಆರಿಸುತ್ತ ಬಂದ ಹಾಗೆ ಸದ್ದು ಆರುತ್ತ ಹೋಯಿತು. ಕ್ಷೌರಿಕ ಬೆಂಚಿನಿಂದ ಇಳಿದು, ತನ್ನ ಕಾಲಿನ ಗುರುತನ್ನು ತೋಳಿನಿಂದ ಒರೆಸಿ ಕುಳಿತ. ಡಾಕ್ಟರು ಕೋಟು ತೊಟ್ಟು ಗುಂಡಿ ಹಾಕಿಕೊಂಡರು. ಎಲ್ಲರ ಕೈಗಳೂ ತೊಡೆಯ ಮೇಲೆ ಬಂದು ಕೂತವು. ಯಾರೋ ದೊಡ್ಡವರು ಬಂದಿರಬೇಕು ಎಂದು ಗ್ರಂಥಪಾಲಕರು ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

ಅವರು ಹೊರಗೆ ಹೋದರು. ಎರಡು ನಿಮಿಷದಲ್ಲಿ ಒಳಗೆ ಗದ್ದಲ. ಒಳಗೆ ಬಂದರು. ನಿಶ್ಶಬ್ದ. ಹೊರಗೆ. ಗದ್ದಲ. ಒಳಗೆ. ನಿಶ್ಶಬ್ದ. ಮೂರನೆಯ ಸಲ ಹೊರಗೆ ಬಂದಾಗ ಟಿಕೆಟ್ ಕಿಟಕಿಗೆ ಹೋಗಿ, ಏದುಸಿರು ಬಿಡುತ್ತ, "ನೋಡಿದ್ರಾ? ಗೇಟೇ! ನಾನು ಹೇಳಲಿಲ್ವಾ? ಇದನ್ನ ಪೂರ್ತಿ ಕಿತ್ತುಹಾಕಿಸ್ತೀನಿ" ಎಂದರು.

ಆ ಹೆಂಗಸು ಟಿಕೆಟ್ ಕಟ್ಟನ್ನು ಪಕ್ಕಕ್ಕಿಟ್ಟಳು. ಊರಿನಲ್ಲಿ ಅವರ ವಾಚನಾಲಯದ ಮೆಟ್ಟಿಲು ಹತ್ತದವಳು ಅವಳೊಬ್ಬಳೇ. ಆದ್ದರಿಂದ ಆ ಮಾತು ಹೇಳುವ ಧೈರ್ಯ ಅವಳೊಬ್ಬಳಿಗೇ ಇತ್ತು.

"ಗೇಟಲ್ಲ ಸಾರ್. ನೀವು."

"ನಾನೇನು?"

"ಅಲ್ಲಿ ಕೂತಿರೋರೆಲ್ಲ ಒಂದಲ್ಲ ಒಂದು ಕಾಲಕ್ಕೆ ನಿಮ್ಮ ಮುಂದೆ ಕೂತು ಓದಿದೋರಂತೆ. ನೀವು ಕನ್ನಡಕದ ಮೇಲಿಂದ ನೋಡಿದ್ರೆ ಇವತ್ತಿಗೂ ಅಳುಕಂತೆ. ಆ ಡಾಕ್ಟ್ರೇ ಹೇಳಿದ್ರು, ನಿಮ್ಮನ್ನ ಕಂಡ್ರೆ ಅವರ ನಾಲಿಗೆ ತಾನಾಗೇ ಮಡಚಿಕೊಳ್ಳುತ್ತಂತೆ. ಮೂರನೇ ಸಾಲಲ್ಲಿ ನೀವು ಕೂತ್ರೆ ಯಾರು ಬಾಯಿ ಬಿಡ್ತಾರೆ ಹೇಳಿ?"

ಗ್ರಂಥಪಾಲಕರಿಗೆ ಮೊದಲು ಆದದ್ದು, ನಾಚಿಕೆಬಿಟ್ಟು ಹೇಳುವುದಾದರೆ, ಸಂತೋಷ. ಬೆತ್ತ ಹಿಡಿಯದೆ, ದನಿಯೆತ್ತದೆ ಒಂದಿಡೀ ಊರಿಗೆ ಶಿಸ್ತು ಕಲಿಸಿದ್ದು ಸಣ್ಣ ಮಾತೇ? ಆದರೆ ಆ ಸಂತೋಷ ರಸ್ತೆ ದಾಟುವವರೆಗೂ ಉಳಿಯಲಿಲ್ಲ. ಕ್ಲಬ್ಬು ಸೋಲಲು, ಭಾವಮೈದನ ಕೈಯಿಂದ ಚೆಂಡು ಜಾರಲು, ಹೆಂಡತಿ ಕಣ್ಣೀರು ನುಂಗಲು ಕಾರಣ ಯಾರೆಂದು ಹುಡುಕುತ್ತ ಅವರು ಇಡೀ ಊರು ತಿರುಗಿದ್ದರು. ಆ ಕಾರಣವೇ ಕಾರ್ಡು ಪೆಟ್ಟಿಗೆ ಹಿಡಿದು ತಿರುಗುತ್ತಿತ್ತು. ಮನೆ ತಲುಪುವಷ್ಟರಲ್ಲಿ ಅವರ ಮುಖ ಹುಳ್ಳಗಾಗಿತ್ತು.

"ಭಾನುವಾರದ ಆಟಕ್ಕೆ ನಾನು ಬರಲ್ಲ" ಎಂದು ಹೆಂಡತಿಗೆ ಹೇಳಿದರು. "ನೀನು ಹೋಗು."

ಅವಳು ಕಥೆ ಕೇಳಿ ನಗಲೂ ಇಲ್ಲ, ಬೈಯಲೂ ಇಲ್ಲ. ಇಪ್ಪತ್ತೈದು ವರ್ಷದಲ್ಲಿ ಗಂಡ ಇಲ್ಲಿನ ಒಂದೇ ಒಂದು ಆಟ ತಪ್ಪಿಸಿದವರಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಜ್ವರ ಬಂದಾಗ ಕಂಬಳಿ ಹೊದ್ದು ಹೋಗಿದ್ದರು.

"ತಮ್ಮನಿಗೆ ಗೊತ್ತಾದ್ರೆ?"

"ಗೊತ್ತಾಗಬಾರದು. ನನ್ನ ಮುಖ ನೋಡ್ಕೊಂಡು ನಿಲ್ತೀನಿ ಅಂದಿದ್ದಾನೆ. ನಾನೇ ಬರಲ್ಲ ಅಂದ್ರೆ, ಭಾವನೂ ಕೈಬಿಟ್ಟರು ಅಂದುಕೊಳ್ತಾನೆ. ಕೇಳಿದ್ರೆ, ಇಲ್ಲೇ ಎಲ್ಲೋ ಇದ್ದಾರೆ ಅನ್ನು."

ಕ್ಷೌರಿಕನಿಗೂ ಡಾಕ್ಟರಿಗೂ ಇದೇ ಮಾತು ಹೋಯಿತು. ಇಬ್ಬರೂ ಮುಖ ಕೆಳಗೆ ಹಾಕಿ ಒಪ್ಪಿದರು. ಕ್ಷೌರಿಕ ಅಂದು ಅವರಿಗೆ ಎರಡು ಸಲ ತಲೆ ಬಾಚಿದ.

ಭಾನುವಾರ ನಾಲ್ಕು ಗಂಟೆಗೆ ಬೀದಿ ಬರಿದಾಯಿತು. ಮೈದಾನ ಇದ್ದದ್ದು ಮೂರು ಬೀದಿಗಳ ಆಚೆ. ಗ್ರಂಥಪಾಲಕರು ಮನೆಯ ಮೆಟ್ಟಿಲ ಮೇಲೆ ನೋಟ್‌ಬುಕ್ಕು, ಗಡಿಯಾರ ಇಟ್ಟುಕೊಂಡು ಕುಳಿತರು. ಮೊದಲ ಆರ್ಭಟ ಕೇಳಿದಾಗ ಎದ್ದು ನಿಂತುಬಿಟ್ಟರು. ಇಂಥ ಸದ್ದು ಬುಧವಾರವೂ ಈ ಊರಿನಿಂದ ಹೊರಟಿರಲಿಲ್ಲ. 'ನಾಲ್ಕು ಹನ್ನೆರಡು, ದೊಡ್ಡದು' ಎಂದು ಬರೆದರು. 'ನಾಲ್ಕು ಮೂವತ್ತೊಂದು, ದೊಡ್ಡದು, ಆದರೆ ನಡುವೆ ಮುರಿದದ್ದು.' 'ಐದು ಐದು, ಉದ್ದದ್ದು, ಅರ್ಥವಾಗುತ್ತಿಲ್ಲ.' ಸದ್ದಿನ ವಿಷಯ ಎಲ್ಲಾ ಬಲ್ಲೆ ಎಂದಿದ್ದ ಮಹಾನುಭಾವರಿಗೆ ಒಂದು ಸಣ್ಣ ಸಂಗತಿ ತಿಳಿದಿರಲಿಲ್ಲ. ಮೂರು ಬೀದಿ ದೂರದಿಂದ ಕೇಳಿದರೆ ಗೆದ್ದವರ ಕೂಗೂ ಸೋತವರ ಕೂಗೂ ಒಂದೇ ಥರ ಇರುತ್ತದೆ. ಹೊಡೆದದ್ದೋ, ತಿಂದದ್ದೋ? ತಡೆದನೋ, ಬಿಟ್ಟನೋ? ಕುತೂಹಲ ತಡೆಯಲಾರದೆ ಒಂದು ಬೀದಿಯವರೆಗೆ ಹೋಗಿ ವಾಪಸು ಬಂದರು. ಎರಡು ಬೀದಿಯವರೆಗೆ ಹೋಗಿ ವಾಪಸು ಬಂದರು. ಮೂರನೆಯ ಬೀದಿಯ ಮೂಲೆಯಲ್ಲಿ ದೀಪದ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡರು. ಕಂಬ ಬಿಟ್ಟರೆ ಕಾಲು ತಾನಾಗಿ ಗೇಟಿನ ಕಡೆ ಹೋಗುತ್ತದೆಂಬ ಭಯ. ಒಳಗೆ ಆರುನೂರು ಮಂದಿ ಗಂಟಲು ಹರಿದುಕೊಳ್ಳುತ್ತಿದ್ದರು. ಹೊರಗೆ ಇವರ ಜೀವ ಬಾಯಿಗೆ ಬಂದಿತ್ತು.

ಆಟ ಮುಗಿಯಿತೆಂದು ತೋರಿದಾಗ ಮನೆಗೆ ಓಡಿದರು. ಸ್ವಲ್ಪ ಹೊತ್ತಿಗೆ ಹೆಂಡತಿ ಬಂದಳು, ಹಿಂದೆ ಕ್ಷೌರಿಕ, ಅವನ ಹಿಂದೆ ಡಾಕ್ಟರು. ಮೂವರ ಮುಖವೂ ಕೆಂಪಗಾಗಿತ್ತು, ಮೂವರ ಕಣ್ಣಲ್ಲೂ ನೀರಿತ್ತು.

"ಏನಾಯ್ತೇ? ಹೇಳೇ!"

ಹೆಂಡತಿ ಬಾಯಿ ತೆರೆದಳು. ಗಾಳಿ ಬಂತು. ಇಪ್ಪತ್ತೈದು ವರ್ಷ ಪಕ್ಕದ ಮನೆಯಲ್ಲಿ ಅಭ್ಯಾಸ ಮಾಡಿದ್ದ ಗಂಟಲು ಒಂದೂವರೆ ಗಂಟೆಯಲ್ಲಿ ಪೂರಾ ಬರಿದಾಗಿತ್ತು. ಕ್ಷೌರಿಕ ಪ್ರಯತ್ನಿಸಿದ. ಅವನದೂ ಗಾಳಿ. ಡಾಕ್ಟರು ಸನ್ನೆ ಮಾಡಿ ಕಾಗದ ಕೇಳಿ, ಅದರ ಮೇಲೆ ಸರಸರ ಬರೆದು ಕೊಟ್ಟರು. ಎಂಥೆಂಥ ಹಳೆಯ ಕೈಬರಹಗಳನ್ನು ಬಿಡಿಸಿ ಓದಿದ್ದ ಗ್ರಂಥಪಾಲಕರಿಗೆ ಅದು ಗೆಲುವೋ ಸೋಲೋ ಹಲ್ಲುನೋವಿನ ಮಾತ್ರೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಭಾವಮೈದ ಗವಸು ಕೂಡ ಬಿಚ್ಚದೆ, ಕಂಕುಳಲ್ಲಿ ಚೆಂಡು ಹಿಡಿದುಕೊಂಡು ಒಳಗೆ ನುಗ್ಗಿದ.

"ಏನೂ ಕೇಳಿಸಲಿಲ್ಲ ಭಾವ! ಒಬ್ಬರ ಮಾತೂ ಕಿವಿಗೆ ಬೀಳಲಿಲ್ಲ! ರೆಫರಿ ಸೀಟಿನೇ ಕೇಳಿಸಲಿಲ್ಲ, ಆಟ ಮುಗಿದ ಮೇಲೂ ಚೆಂಡು ಹಿಡ್ಕೊಂಡು ನಿಂತಿದ್ದೆ!" ಎಂದು ಅವರ ಎದುರಿನ ಕುರ್ಚಿಯಲ್ಲಿ ಧೊಪ್ಪನೆ ಕುಳಿತ. ಆಮೇಲೆ ಮುಖ ಸ್ವಲ್ಪ ಸಣ್ಣ ಮಾಡಿದ. "ನೀವೆಲ್ಲಿದ್ರಿ? ಮೂರನೇ ಸಾಲಲ್ಲಿ ಕಾಣಲೇ ಇಲ್ಲ."

"ಎಲ್ಲಾ ಎದ್ದು ನಿಂತಿದ್ರಲ್ಲಪ್ಪ. ಕುಳ್ಳ ನಾನು. ಹೇಗೆ ಕಾಣಿಸ್ತೀನಿ?"

"ಹಾಗಾದ್ರೆ ನೋಡಿದ್ರಿ ತಾನೆ? ಆ ಪೆನಾಲ್ಟಿ?"

ಪೆನಾಲ್ಟಿ! ಗ್ರಂಥಪಾಲಕರ ನೋಟ್‌ಬುಕ್ಕಿನಲ್ಲಿ ಅಂಥದ್ದೊಂದು ಇರಲಿಲ್ಲ. "ನೋಡದೆ ಏನು" ಎಂದರು, ಸಣ್ಣ ದನಿಯಲ್ಲಿ.

"ಹೇಗಿತ್ತು ಹೇಳಿ. ನಿಮ್ಮ ಬಾಯಿಂದ ಕೇಳಬೇಕು ನಾನು."

ಭಾವಮೈದನ ಬೆನ್ನ ಹಿಂದೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಕ್ಷಣ ಕ್ಷೌರಿಕ ಅಡಿಗೆಮನೆಯ ಬಾಗಿಲಿನಿಂದ ಮೂರು ಹೆಜ್ಜೆ ತುದಿಗಾಲಲ್ಲಿ ಓಡಿ ಬಂದು ಗಾಳಿಗೆ ಒದ್ದ.

"ಅವನು... ಮೂರು ಹೆಜ್ಜೆ ಓಡಿ ಬಂದ" ಎಂದರು ಗ್ರಂಥಪಾಲಕರು. "ಬಲವಾಗಿ ಒದ್ದ."

"ಹಾಂ!"

ಹೆಂಡತಿ ಸೋಫಾದ ಮೇಲೆ ಹಾರಿ ಬಿದ್ದಳು.

"ನೀನು ಎಡಕ್ಕೆ..." ಹೆಂಡತಿ ಬಿದ್ದಲ್ಲಿಂದಲೇ ಜೋರಾಗಿ ತಲೆಯಾಡಿಸಿದಳು. "ಎಡಕ್ಕೆ ಹಾರ್ತೀಯ ಅಂತ ನಾವೆಲ್ಲ ಅಂದುಕೊಂಡ್ವಿ. ನೋಡಿದ್ರೆ ಬಲಕ್ಕೆ ಹಾರಿಬಿಟ್ಟೆ!"

"ಎಲ್ಲರೂ ಹಾಗೇ ಅಂದುಕೊಂಡ್ರು ಭಾವ! ಅವನೂ ಹಾಗೇ ಅಂದುಕೊಂಡ!"

ಡಾಕ್ಟರು ತಮ್ಮ ತೋರುಬೆರಳಿನ ತುದಿಯನ್ನು ತೋರಿಸಿ, ಬಾಗಿಲಿನ ಚೌಕಟ್ಟನ್ನು ಮೆತ್ತಗೆ ತಟ್ಟಿದರು.

"ಬೆರಳ ತುದಿ. ಬರೀ ಬೆರಳ ತುದಿ ತಾಗಿತು" ಎನ್ನುತ್ತ ಗ್ರಂಥಪಾಲಕರು ಕುರ್ಚಿಯ ಅಂಚಿಗೆ ಬಂದಿದ್ದರು. ಈಗ ಅವರು ಭಾವಮೈದನಿಗೆ ಹೇಳುತ್ತಿರಲಿಲ್ಲ, ತಾವೇ ನೋಡುತ್ತಿದ್ದರು. "ಚೆಂಡು ಕಂಬಕ್ಕೆ ಬಡಿದು ಆಚೆ ಹೋಯ್ತು!"

"ಬೆರಳು ತಾಗಿದ್ದು ಕಾಣಿಸ್ತಾ ನಿಮಗೆ? ಪಕ್ಕದಲ್ಲಿ ನಿಂತಿದ್ದ ರೆಫರಿಗೇ ಕಾಣಿಸಿರಲಿಲ್ಲ!"

ಡಾಕ್ಟರು ಒಂದು ಬೆರಳೆತ್ತಿ ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಇನ್ನೊಂದು ಕೈಯಲ್ಲಿ ಸೊನ್ನೆ ಮಾಡಿ, ಅದನ್ನು ಕಿಟಕಿಯ ಆಚೆಗೆ ತೋರಿಸಿದರು.

"ಒಂದು... ಸೊನ್ನೆ" ಎಂದರು ಗ್ರಂಥಪಾಲಕರು. ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸಬೇಕಾದದ್ದು ಕನ್ನಡಕವಾಗಿರಲಿಲ್ಲ. "ನಾವು ಗೆದ್ವಿ ಕಣೋ. ಗೆದ್ದೇ ಬಿಟ್ವಿ."

ಭಾವಮೈದ ಗವಸಿನ ಕೈಯಿಂದಲೇ ಅವರ ಎರಡೂ ಕೈ ಹಿಡಿದುಕೊಂಡ.

"ಭಾವ, ಅಲ್ಲಿದ್ದೋರೆಲ್ಲ ಕೂಗೋದ್ರಲ್ಲೇ ಮೈಮರೆತಿದ್ರು. ಆಟಾನ ನೆಟ್ಟಗೆ ನೋಡಿದೋರು ನೀವೊಬ್ಬರೇ."

ಹಿಂದೆ ನಿಂತಿದ್ದ ಮೂವರೂ ಹೌದೆಂದು ತಲೆಯಾಡಿಸಿದರು.